ಒಡೆಯುವವ

ಬಾರ್ಸಿಲೋನಾ, ಆಗಸ್ಟ್. ಊರೆಲ್ಲ ಕಡಲಿಗೆ ಇಳಿದಿದೆ.
ಮೂರನೇ ಮಹಡಿಯ ತಣ್ಣನೆ ಕತ್ತಲಲ್ಲಿ ರೆಮೇಯಿ
ಕರುವಿನ ಲಿವರ್ ಅರೆದು
ಚಪ್ಪಟೆ ಹುಳುಗಳಿಗೆ ಉಣಿಸುತ್ತಾಳೆ.
ತುತ್ತಿನೊಳಗೆ ಬೆರೆಸಿದ್ದಾಳೆ
ಒಬ್ಬನ ಬಾಯಿ ಕಟ್ಟುವಷ್ಟು ಮೌನ.

ಯಾರವನು?
ಕೋಶದೊಳಗಿನ ಆಳು. ಒಡೆಯನಲ್ಲ, ಒಡೆಯುವವ.
ಈಗಷ್ಟೇ ಮಡಿಕೆ ಮುಗಿದ ಪ್ರೋಟೀನಿನ ರಟ್ಟೆ ಹಿಡಿದು
ಚೀಟಿ ಅಂಟಿಸಿ ಗಾಣಕ್ಕೆ ನೂಕುವವ.
ಕಟ್ಟು, ಒಡೆ. ಕಟ್ಟು, ಒಡೆ.
ನೋಡುವವರಿಗೆ ಶುದ್ಧ ದಂಡದ ದುಡಿಮೆ.

ಬಾಲದ ಕಡೆಯಿಂದ ಸುದ್ದಿ ಬಂದರೆ ಮಾತ್ರ
ಅವನ ಕೈ ತಡೆಯುತ್ತದೆ.
ಉಳಿದುಕೊಂಡವು ಗುಂಪುಗೂಡಿ
ಕೇಂದ್ರದ ಹೊಸಿಲು ದಾಟಿ
‘ಇಲ್ಲಿ ಬಾಲ’ ಎಂದು ಬರೆಸುತ್ತವೆ.
ಸುದ್ದಿ ಮುಟ್ಟದ ತುದಿಯಲ್ಲಿ
ಒಡೆತ ನಡೆದೇ ಇರುತ್ತದೆ;
ಕಣ್ಣು ಮೂಡುವುದು ಅಲ್ಲಿ.

ಒಂಬತ್ತನೇ ದಿನ, ರಾತ್ರಿ ಪಾಳಿಯ ಎವುದಾಲ್ಡ್
ಟಾರ್ಚು ಕಂಕುಳಲ್ಲಿಟ್ಟು ಮಸೂರಕ್ಕೆ ಬಾಗಿದ.
‘ಇದರ ಮುಖ ಎಲ್ಲಿ?’
‘ತಲೆ ಕತ್ತರಿಸಿದ್ದೆ. ಬದಲಿಗೆ ಬಾಲ ಬೆಳೆಯಿತು.
ಈಗ ಎರಡೂ ಕಡೆ ಬಾಲ.’
‘ಒಳಗೆ ಏನು ಸಾಲದಾಯಿತು?’
‘ಒಡೆಯುವವ ಒಬ್ಬ. ಮಿಕ್ಕಿದ್ದೆಲ್ಲ
ಬೇಕಾದ್ದಕ್ಕಿಂತ ಜಾಸ್ತಿಯೇ ಇದೆ.’

ಕಾವಲಿಗೆ ಬರುವ ಮುಂಚೆ ಇಪ್ಪತ್ತಾರು ವರ್ಷ
ಬಂದರಿನ ಹಳೇ ಗೋದಾಮು ಕೆಡವಿದವನು ಅವನು.
ಉಗುರಿನ ಸಂದಿಯಲ್ಲಿ ಇನ್ನೂ ಇದೆಯೇನೋ ಎಂಬಂತೆ
ಇಲ್ಲದ ಸುಣ್ಣದ ಪುಡಿಯನ್ನು ಕೆರೆದುಕೊಂಡ.
‘ನಮಗೆ ಕೂಲಿ ಯಾವತ್ತೂ
ಗಾರೆಯವರಿಗಿಂತ ಕಡಿಮೆ’ ಅಂದ.

ರೆಮೇಯಿ ನಗಲಿಲ್ಲ; ನೋಟ್‌ಬುಕ್ಕಿನಲ್ಲಿ ತಾರೀಖು ಬರೆದಳು.

ಗಾಜಿನ ತಟ್ಟೆಯಲ್ಲಿ ಹುಳು,
ಮುಂದೆ ಎಂದರೆ ಯಾವ ಕಡೆಯೆಂದು ತಿಳಿಯದೆ,
ತುಸು ಅತ್ತ ಜಾರಿತು.
ನಿಂತಿತು.