ಆಲೂರಿನ ಮಿಸ್ಸಿಗೊಂದು ಲೋಗೋ

ಆನೆ ಬೇಡ ಅಂದರು ಫಿಲೋಮಿನಾ ಮಿಸ್.
ನೀಲಿ ಆನೆ, ಸೊಂಡಿಲಲ್ಲಿ ಬಲೂನು,
ಎರಡು ರಾತ್ರಿ ಕೂತು ತಿದ್ದಿದ್ದೆ.
‘ಹೋದ ವಾರ ನಮ್ಮ ಓಣಿಗೇ ಬಂದಿತ್ತಪ್ಪ,
ಮಕ್ಕಳು ಇನ್ನೂ ನಿದ್ದೇಲಿ ಉಚ್ಚೆ ಹೊಯ್ಕೊಳ್ತಾವೆ.’

ಮೊಲ? ಊರೆಲ್ಲ ಮೊಲವೇ.
ಪೆನ್ಸಿಲ್? ಮೂರು ವರ್ಷಕ್ಕೇ ಯಾಕೆ, ಪಾಪ.

ಕಟ್ಟಿನಕೆರೆ ಮಾರ್ಕೆಟ್ ಹಿಂದೆ ನನ್ನಂಗಡಿ.
ಬಾಗಿಲಲ್ಲೇ ಯಾರದೋ ಬಿತ್ತನೆ ಆಲೂಗಡ್ಡೆಯ
ಮೂಟೆ ಹರಿದಿತ್ತು.
ಒಂದನ್ನೆತ್ತಿ ಸ್ಕ್ಯಾನರ್ ಮೇಲಿಟ್ಟೆ:
ಸೊಟ್ಟ ಹೊಟ್ಟೆ, ಅಲ್ಲಲ್ಲಿ ಮಣ್ಣು.
ಕಾಲೆರಡು ಬರೆದೆ, ಒಂದಕ್ಕೆ ಮಾತ್ರ ಚಪ್ಪಲಿ.
ಕಣ್ಣು ಬರೆಯಹೋದರೆ
ಐದಾರು ಆಗಲೇ ಇದ್ದವು,
ಒಂದು ಮೊಳಕೆಯೊಡೆದಿತ್ತು.

ಮಿಸ್ ತುಂಬ ಹೊತ್ತು ನೋಡಿದರು.
‘ಮಣ್ಣು ಮಾತ್ರ ಒರೆಸಬೇಡಿ’ ಅಂದರು,
ಅಡ್ವಾನ್ಸ್ ಐನೂರು
ಎರಡು ಸಲ ಎಣಿಸಿ.