ಇತರೆ ಇದ್ದರೆ ವಿವರಿಸಿ

ಬ್ಯಾಡಗಿ ಪೇಟೆಗೆ ಫೆಬ್ರವರಿ ಎಂದರೆ
ನೆಲವೇ ಕೆಂಪಗೆ ಕೆಮ್ಮುವ ತಿಂಗಳು.
ಧಾರವಾಡದಿಂದ ಮೊದಲ ಬಸ್ಸಿಗೆ ಬಂದಿದ್ದೆ,
ಹೆಗಲಚೀಲದಲ್ಲಿ ನಲವತ್ತು ಪ್ರಶ್ನಾವಳಿ,
ಎರಡು ಪೆನ್ನು, ಮೂಗಿಗೊಂದು ಕರವಸ್ತ್ರ.
ಒಂದು ನಮೂನೆ ತುಂಬಿದರೆ ತೊಂಬತ್ತು ರೂಪಾಯಿ,
ಬಸ್ ಚಾರ್ಜು ಬೇರೆ, ಊಟ ನನ್ನದೇ.

ಗೋದಾಮಿನ ಹಿಂದೆ, ತಗಡಿನ ನೆರಳಲ್ಲಿ
ಹದಿನಾರು ಹೆಂಗಸರು ತುಂಬು ಮುರಿಯುತ್ತ ಕೂತಿದ್ದರು.
ಕಾಯಿ ಈ ಕಡೆ, ತುಂಬು ಆ ಕಡೆ.
ಸಂಜೆ ತೂಗುವುದು ಕಾಯಿಯನ್ನು;
ತುಂಬಿನ ರಾಶಿಗೆ ತಕ್ಕಡಿ ಇಲ್ಲ.

ಅಧ್ಯಯನದ ವಿಷಯ: ನ್ಯಾಯದ ಗ್ರಹಿಕೆ.
ಮೊದಲ ಪುಟದ ಸೂಚನೆ:
ಉತ್ತರಿಸುವವರ ಹೆಸರು ಬರೆಯತಕ್ಕದ್ದಲ್ಲ,
ಅಂಕಿ ಸಾಕು.
ಆಕೆಯ ಪಾಲಿಗೆ ೦೪೧೭ ಬಂತು.

"ಹೆಸರು ಯಾಕ ಬ್ಯಾಡ?"
"ನಿಮಗ ತೊಂದರಿ ಆಗಬಾರದಂತ, ಅಕ್ಕಾ."
"ತೊಂದರಿ ಕೊಡಾವ್ರಿಗೆ ನನ್ನ ಹೆಸರು ಗೊತ್ತೈತಿ.
ಗೊತ್ತಿರಬೇಕಾದವ್ರಿಗೇ ಗೊತ್ತಿಲ್ಲ."
ಕೈ ನಿಲ್ಲಲಿಲ್ಲ ಆಕೆಯದು.
"ಕೂಡ್ರು. ಸುಮ್ನ ಕುಂತು ಕೇಳಬ್ಯಾಡ,
ಮುರಕೋಂತ ಕೇಳು."

ಮುರಿದೆ. ನನ್ನ ಒಂದು ಕಾಯಿಗೆ ಆಕೆಯವು ಒಂಬತ್ತು.

ಪ್ರಶ್ನೆ ಹನ್ನೊಂದು: ಮನೆಯಲ್ಲಿ ತೀರ್ಮಾನ ಯಾರದು?
"ಅಕ್ಕಿ ತೀರಿದ್ದು ನನಗ ಗೊತ್ತಾಗತೈತಿ,
ಓಟು ಯಾರಿಗಂತ ಅವಗ ಗೊತ್ತಾಗತೈತಿ.
ಬೂತಿನಾಗ ನಾ ಏನ್ ಒತ್ತಿದೆ
ಅದು ಅವಗೂ ಗೊತ್ತಿಲ್ಲ, ನಿನಗೂ ಹೇಳಂಗಿಲ್ಲ."
ಸಾಲಿನುದ್ದಕ್ಕೂ ನಗು.
'ಉತ್ತರಿಸಲು ನಿರಾಕರಿಸಿದರು' ಎಂಬುದಕ್ಕೆ
ನಾನು ಗುರುತು ಹಾಕಿದೆ.

ಪ್ರಶ್ನೆ ಇಪ್ಪತ್ತಮೂರು: ಕಳೆದ ಒಂದು ವರ್ಷದಲ್ಲಿ
ನಿಮಗೆ ಅನ್ಯಾಯವಾಗಿದೆ ಎನ್ನಿಸಿದೆಯೆ?
ಹೌದು. ಇಲ್ಲ. ಇತರೆ ಇದ್ದರೆ ವಿವರಿಸಿ.
ಆಕೆ ತಲೆಯೆತ್ತಿದ್ದು ಆಗಲೇ.

"ಆರು ತಿಂಗಳ ಕೂಸೈತಿ ಮನ್ಯಾಗ.
ಎಣ್ಣಿ ಹಚ್ಚತೀನಿ, ಮಜ್ಜಗಿ ಹಚ್ಚತೀನಿ,
ಈ ಕೈ ತಗುಲಿದ್ರ ಚಿಟ್ಟನ ಚೀರತೈತಿ.
ಇದು ಯಾರ ಅನ್ಯಾಯ?
ಸಾವಕಾರ ಉರಿ ತಂದು ಹಚ್ಚಿಲ್ಲ,
ಕಾಯಾಗ ಇರೂದ ಅದು.
ಆದ್ರ ಒಂದ್ ಜೋಡಿ ಕೈಗವಸ ಕೇಳಿದೆ ನೋಡು,
ದೀಪಾವಳಿಗೆ ಬಿಡಿಸಿದಾಂವ
ಸಂಕ್ರಾಂತಿ ಮಟಾ ಕೆಲಸಕ್ಕ ಕರೀಲಿಲ್ಲ.
ಹೌದು ಅಂತ ಬರೀತಿಯೋ, ಇಲ್ಲ ಅಂತ ಬರೀತಿಯೋ,
ನೀನ ಕಲತಾಂವ."

ವಿವರಿಸಲು ಬಿಟ್ಟಿದ್ದು ಎರಡು ಗೆರೆ.
ಗೆರೆ ತುಂಬಿತು, ಅಂಚು ತುಂಬಿತು,
ಹಾಳೆ ಹೊರಳಿಸಿ ಬರೆದೆ, ಅದೇ ಕೈಯಿಂದ,
ಬೆವರು ಒರೆಸಿಕೊಳ್ಳುವುದನ್ನೂ ಮರೆತು.

"ನಿನಗೆಷ್ಟು ಕೊಡ್ತಾರ ಇದಕ್ಕ?"
ಹೇಳಿದೆ.
"ಕಿಲೋಕ್ಕಾ?"
"ಅಲ್ಲ, ಒಬ್ಬೊಬ್ರಿಗೆ ಇಷ್ಟಂತ."
ಬೆರಳು ಒಂದು ಗಳಿಗೆ ನಿಂತವು.
"ಹಂಗಾರ ನೀನೂ ತುಂಬು ಮುರಿಯಾಂವನ.
ಕಾಯಿ ಯಾರ ಒಯ್ಯತಾರ?"

ಏಪ್ರಿಲ್. ಸಪ್ತಾಪುರದಲ್ಲಿ ಎರಡನೆಯ ಮಹಡಿ.
ದತ್ತಾಂಶ ಹಸನು ಮಾಡುವ ಕೆಲಸ.
ಹೌದು ಎಂದರೆ ಒಂದು, ಇಲ್ಲ ಎಂದರೆ ಎರಡು,
ಇತರೆ ಎಂಬತ್ತೆಂಟು.
ಎಂಬತ್ತೆಂಟು ಸರಾಸರಿಗೆ ಬರುವುದಿಲ್ಲ,
ಕೋಷ್ಟಕದ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು:
ಏಳು ನಮೂನೆಗಳನ್ನು ಕೈಬಿಡಲಾಗಿದೆ.

ಇನಾಮತಿ ಮೇಡಂ ಕೆಟ್ಟವರಲ್ಲ.
ಬಿಡುವ ಮುನ್ನ ಒಮ್ಮೆ ಓದಿಯೇ ಬಿಡುವವರು.
೦೪೧೭ ಕೈಗೆತ್ತಿಕೊಂಡು, ಕನ್ನಡಕ ಸರಿಸಿ,
ಹಾಳೆ ಹೊರಳಿಸಿದರು; ಸೀನಿದರು.
ಪಕ್ಕದ ಗುರುಪಾದ ಸೀನಿದ.
ಚಹಾ ತಂದ ಹುಡುಗ ಬಾಗಿಲಲ್ಲೇ ಸೀನಿ
ಬಟ್ಟಲು ತುಳುಕಿಸಿದ.
ಎರಡು ತಿಂಗಳು ಕಪಾಟಿನಲ್ಲಿದ್ದ ಕಾಗದಕ್ಕೆ
ಇನ್ನೂ ಖಾರವಿತ್ತು.

"ಯಾರದಿದು?" ಕಣ್ಣೊರೆಸುತ್ತ ಕೇಳಿದರು.
ನಿಯಮ ಗೊತ್ತಿದ್ದೂ ಹೇಳಿದೆ:
"ಫಕ್ಕೀರವ್ವ. ಗಂಡನ ಹೆಸರು ಬ್ಯಾಡ ಅಂದಾಳ."

ಮೇಡಂ ಏನೂ ಅನ್ನಲಿಲ್ಲ.
ಹಾಳೆಯನ್ನು ಯಾವ ಕಟ್ಟಿಗೂ ಸೇರಿಸದೆ
ಕಿಟಕಿಯ ಕಟ್ಟೆಯ ಮೇಲೆ,
ಅರ್ಧ ನೀರಿದ್ದ ಲೋಟದ ಕೆಳಗೆ ಇಟ್ಟರು.
ಗಾಳಿಗೆ ಅದರ ಒಂದು ಮೂಲೆ
ಏಳುತ್ತಿತ್ತು, ಬೀಳುತ್ತಿತ್ತು.