ಕುಬೇರನಿಗೆ, ಕ್ಯಾಮೆರಾ ಕೊಳ್ಳುವ ಮುಂಚೆ

ಕುಬೇರ, ಹೆಸರಿಗೆ ತಕ್ಕಂತೆ ನಡೆಯಬೇಡ.
ಹಾಸನದ ಅಂಗಡಿಯವನು ಬರೆದುಕೊಟ್ಟ ಕಂತಿನ ಚೀಟಿ
ಮಡಚಿಡು. ಮೊದಲು ಕಾಲು ತಗೋ:
ಅಲುಗದ್ದು, ಭಾರದ್ದು, ಬಸ್ಸಿನಲ್ಲಿ ಕಂಡಕ್ಟರು
ಅರ್ಧ ಟಿಕೆಟ್ಟು ಕೇಳುವಂಥ ಮೂರು ಕಾಲು.
ಆಮೇಲೆ ಕಿವಿ. ಕಣ್ಣು ಕೊನೆಗೆ.

ಮಸುಕನ್ನು ಜನ ಕ್ಷಮಿಸುತ್ತಾರೆ,
ಹೋಮದ ಹೊಗೆ ಅಂದುಕೊಳ್ಳುತ್ತಾರೆ.
ಕೇಳಿಸದ ಮಾತನ್ನು ಕ್ಷಮಿಸುವುದಿಲ್ಲ.
ಬಾಣಾವರದ ಮದುವೆಯಲ್ಲಿ ಧಾರೆಯ ಹೊತ್ತಿಗೆ
ಹುಡುಗಿಯ ಅಪ್ಪ ಏನೋ ಅಂದರು, ತುಟಿ ಅಲ್ಲಾಡಿತು,
ನನ್ನ ಮೈಕು ಓಲಗದವರ ಪಕ್ಕದಲ್ಲಿತ್ತು.
ಡೋಲು ಬಂತು. ಅಪ್ಪ ಬರಲಿಲ್ಲ.

ನಮ್ಮದು ಅರಸೀಕೆರೆ. ಯಾವ ಛತ್ರ ಹಿಡಿದರೂ
ಹಳಿ ಒಂದು ಕೂಗಿನ ದೂರ.
ಮುಹೂರ್ತ ಇಟ್ಟ ಜೋಯಿಸರು
ರೈಲಿನ ವೇಳಾಪಟ್ಟಿ ನೋಡಿರುವುದಿಲ್ಲ, ನೀನು ನೋಡಿಕೋ.
ಆದರೂ ಕೂಗಿತೋ, ಕೂಗಲಿ.
ಗದ್ದಲ ಅಳಿಸುವ ಗುಂಡಿ ಒತ್ತಿದರೆ
ಗಾಡಿಯ ಜೊತೆ ಗಂಟಲೂ ಹೋಗಿ
ಮಂತ್ರ ಹೇಳುವವರು ಬಾವಿಗೆ ಬಿದ್ದಂತಾಗುತ್ತಾರೆ.
ಬದಲಿಗೆ ಒಂದು ಕಿಟಕಿ ತೋರಿಸು,
ಅತ್ತ ತಿರುಗಿದ ಮಗುವಿನ ಕತ್ತು.
ಕಂಡ ಸದ್ದನ್ನು ಯಾರೂ ದೂರುವುದಿಲ್ಲ.

ಜನ ಊಟಕ್ಕೆ ಎದ್ದಾಗ, ನಿನಗೂ ಹಸಿದಿರುತ್ತದೆ,
ಖಾಲಿ ಹಾಲಿನಲ್ಲಿ ನಿಂತು ಒಂದು ನಿಮಿಷ
ಏನೂ ಇಲ್ಲದ್ದನ್ನು ರೆಕಾರ್ಡ್ ಮಾಡು.
ಹರುಕು ಮುಚ್ಚಲು ತೇಪೆ ಬೇಕಾಗುತ್ತದೆ;
ಒಂದು ಛತ್ರದ ಮೌನ ಇನ್ನೊಂದಕ್ಕೆ ಹೊಂದುವುದಿಲ್ಲ,
ಒಂದೊಂದಕ್ಕೂ ಅದರದೇ ಫ್ಯಾನು.

ಅರಿಶಿನ ಶಾಸ್ತ್ರದಲ್ಲಿ ಬಣ್ಣವನ್ನು
ಕ್ಯಾಮೆರಾದ ಪಾಡಿಗೆ ಬಿಡಬೇಡ.
ಕಾಮಾಲೆ ಅಂದುಕೊಂಡು ನೀಲಿ ಬೆರೆಸುತ್ತದೆ.
ಬಿಳಿ ಯಾವುದೆಂದು ಮೊದಲೇ ತೋರಿಸಿಕೊಡು,
ಅಡುಗೆಯವರ ಪಂಚೆ ನಂಬಬೇಡ.
ಜೇಬಿನಲ್ಲೊಂದು ಹಾಳೆ ಇರಲಿ,
ಮದುಮಗಳ ಕೈಗೇ ಕೊಡು, ಹಿಡಿಯಲಿ.

ಡ್ರೋನು ಕೇಳುತ್ತಾರೆ. ಒಮ್ಮೆ ಹಾರಿಸಿ ಇಳಿಸು.
ಮೇಲಿಂದ ನೋಡಿದರೆ ಎಲ್ಲರ ಮದುವೆಯೂ ಶಾಮಿಯಾನ.

ಇನ್ನು ಕತ್ತರಿ. ಕೈ ಏಳುತ್ತಿರುವಾಗಲೇ ಕತ್ತರಿಸು,
ಇಳಿದ ಮೇಲಲ್ಲ. ಅರ್ಧ ಈ ಶಾಟಿನಲ್ಲಿ,
ಉಳಿದದ್ದು ಮುಂದಿನದರಲ್ಲಿ; ಹೊಲಿಗೆ ಕಾಣುವುದಿಲ್ಲ.
ಸಂತೆ ಮೈದಾನದ ದರ್ಜಿ ನಮ್ಮಪ್ಪ, ತೋಳು ಕೂರಿಸುವಾಗ
ಹೆಚ್ಚುಕಡಿಮೆ ಇದನ್ನೇ ಹೇಳುತ್ತಿದ್ದ.
ಒಳಗೆ ಎರಡು ಬೆರಳು ಬಟ್ಟೆ ಬಿಡು ಅಂತಲೂ,
ಮೈ ಬೆಳೆಯುತ್ತದೆ ಅಂತ.
ಅದೊಂದನ್ನು ನಾನು ಕೇಳಲಿಲ್ಲ.

"ಹುಡುಗಿ ಸ್ವಲ್ಪ ಕಪ್ಪು, ನೋಡಿಕೊಳ್ಳಿ" ಅಂತ
ಗಂಡಿನ ಕಡೆಯ ಯಾರೋ ಒಬ್ಬರು ಅತ್ತೆ
ಸ್ಟುಡಿಯೋ ಮೆಟ್ಟಿಲು ಹತ್ತಿ ಬಂದು ಹೇಳುವರು.
ನೋಡಿಕೊಂಡೆ, ಹದಿನಾಲ್ಕು ವರ್ಷ.
ಮೌಸಿನ ಚಕ್ರ ಇಷ್ಟೇ ಇಷ್ಟು ತಿರುಗಿಸಿದರೆ
ಮುಖ ತೊಳೆದ ಅಕ್ಕಿ.
ಗಂಡಸಿಯ ಇಂದ್ರಾಣಿ ಪೆನ್‌ಡ್ರೈವ್ ಹಿಡಿದು ಬಂದಳು,
ಪಕ್ಕದಲ್ಲಿ ಐದು ವರ್ಷದ ಮಗಳು.
"ಅಪ್ಪನ ಪಕ್ಕ ನಿಂತಿರೋ ಆಂಟಿ ಯಾರು ಅಂತಾಳೆ ಸಾರ್.
ನಂದು ಇದ್ದರೆ ಕೊಡಿ."

ಮೂಲ ಒಂದೇ ಡಿಸ್ಕಿನಲ್ಲಿತ್ತು.
ಹಲ್ಲಿಯ ಹಾಗೆ ಲೊಚಗುಟ್ಟಿತು, ಆಮೇಲೆ ಅದೂ ಇಲ್ಲ.
ಬ್ಯಾಗಿನ ತಳದಲ್ಲಿ, ಒರೆಸಲು ಮರೆತ ಕಾರ್ಡೊಂದರಲ್ಲಿ
ಸಿಕ್ಕಿದ್ದು ಹನ್ನೊಂದು ಸೆಕೆಂಡು:
ಬಿಳಿ ಹಾಳೆ ಎದೆಗೆ ಹಿಡಿದು
"ಇದ್ಯಾಕಣ್ಣ, ಜೈಲಿನ ಫೋಟೋನಾ?" ಅಂತ ನಗುವ ಹುಡುಗಿ,
ತನ್ನ ಬಣ್ಣದಲ್ಲಿ.
ಮೂರು ಸಲ ನೋಡಿದಳು. ದುಡ್ಡೆಷ್ಟು ಅಂದಳು.
ನನಗೆ ಹೇಳಲು ಬರಲಿಲ್ಲ.

ಪ್ರತಿ ಮೂರು ಮಾಡು, ಒಂದು ಬೇರೆ ಮನೆಯಲ್ಲಿರಲಿ.
ಮೂರೂ ತೆರೆದು ನೋಡುವ ತನಕ ಕಾರ್ಡು ಒರೆಸಬೇಡ.
ಅತ್ತೆಯರು ಬಂದರೆ ನನ್ನ ಹೆಸರು ಹೇಳು,
ಮುದುಕ ಒಪ್ಪಲ್ಲ ಅನ್ನು.
ನಾಳೆ ಐದೂವರೆಗೆ ಮುಹೂರ್ತ.
ಬ್ಯಾಟರಿ ಚಾರ್ಜಿಗೆ ಹಾಕಿದೆ ಅಂದೆಯಲ್ಲ,
ಗೋಡೆಯ ಸ್ವಿಚ್ಚು ಒತ್ತಿದೆಯಾ, ಹೋಗಿ ನೋಡು.